ಮಾಲೂರಿನ ಮಳೆಯಲ್ಲಿ ಬಿದ್ದವಳು

ಅರ್ಧ ಕಣೋ, ಸರಿಯಾಗಿ ಅರ್ಧ. ಎಷ್ಟು ಕುಸ್ತಿ ಗೆದ್ದೆ ಅಜ್ಜಿ ಅಂತ ಕೇಳಿದ್ಯಲ್ಲ ಮಂಜಾ, ನನ್ನ ಜೋಡಿ ರಬಿಯಾ ಜೊತೆ ಆಡಿದ್ದರಲ್ಲಿ ಅರ್ಧ ಗೆದ್ದೆ, ಅರ್ಧ ಸೋತೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಅದೇನು ದೇವರು ಮಾಡಿದ್ದು ಅಂದ್ಕೋಬೇಡ, ನಮ್ಮ ಕುಸ್ತಿ ಕಂಪನಿ ನಡೆಸ್ತಿದ್ದ ಚೌಡಪ್ಪ ಮಾಡಿದ್ದು. ಇವತ್ತು ನಾನು ಬಿದ್ದರೆ ಮುಂದಿನ ಸಲ ರಬಿಯಾ ಬೀಳಬೇಕು, ಅದರ ಮುಂದಿನ ಸಲ ಮತ್ತೆ ನಾನು. ಊರು ಕೋಲಾರ ಆಗಲಿ, ಶ್ರೀನಿವಾಸಪುರ ಆಗಲಿ, ಸರದಿ ತಪ್ಪೋ ಹಂಗಿಲ್ಲ. ನಗಬೇಡ್ವೇ ಸುಮಾ, ಬೀಳೋದೂ ಒಂದು ಕೆಲಸಾನೇ, ನಿಮ್ಮಪ್ಪ ಆಫೀಸಿಗೆ ಹೋಗಿ ಕೂರೋ ಹಂಗೆ. ಐದು ವರ್ಷ, ಅಲ್ಲ, ಆರು, ಎಮರ್ಜೆನ್ಸಿ ಮುಗಿದ ವರ್ಷ ಶುರು ಮಾಡಿದ್ದು, ಆರು ವರ್ಷ ಇಬ್ಬರೂ ಹಂಗೆ ಬಿದ್ದು ಎದ್ದು ಅನ್ನ ತಿಂದ್ವಿ. ನಿಜವಾದ ಕುಸ್ತಿ ಅಂತ ನಾನು ಆಡಿದ್ದು ಒಂದೇ ಒಂದು, ಅದೂ ತಪ್ಪಿ ಆಡಿದ್ದು. ಆ ಒಂದರಲ್ಲೇ ರಬಿಯಾ ಕೈ ಹೋಯ್ತು, ರಬಿಯಾನೂ ಹೋದಳು. ಸತ್ತುಹೋದಳು ಅಂತಲ್ಲ. ನನ್ನ ಪಾಲಿಗೆ ಹೋದಳು.

ಮೊದಲು ನಾನು ಹೆಂಗೆ ಆ ಕೆಲಸಕ್ಕೆ ಸೇರಿದೆ ಅಂತ ಹೇಳ್ತೀನಿ, ಇಲ್ದಿದ್ರೆ ನಿಮಗೆ ಗೊತ್ತಾಗಲ್ಲ. ನನಗೆ ಹದಿನೆಂಟಕ್ಕೆ ಮದುವೆ ಮಾಡಿದ್ರು, ನಮ್ಮ ಹುತ್ತೂರಿಂದ ಆಚೆ ಎರಡು ಊರು ದಾಟಿ ಕೊಟ್ಟಿದ್ರು. ಎಂಟು ತಿಂಗಳಿಗೆ ನಮ್ಮತ್ತೆ ವಾಪಸ್ ಕಳಿಸಿದ್ಲು. ಏನು ಕಾರಣ? "ನಿಮ್ಮ ಹುಡುಗಿ ಮೂರು ಮುದ್ದೆ ಉಣ್ತಾಳೆ, ನನ್ನ ಮಗನ ಪಕ್ಕ ನಿಂತರೆ ಅವನು ಕಾಣಲ್ಲ." ಎರಡೂ ನಿಜಾನೇ, ನಾನ್ಯಾಕೆ ಸುಳ್ಳು ಹೇಳ್ಲಿ. ಅವನು ಹಿಂಗೆ, ಈ ಕಂಬದ ಹಿಂದೆ ನಿಂತರೆ ಎರಡೂ ಕಡೆ ಕಾಣ್ತಿರಲಿಲ್ಲ, ಅಷ್ಟು. ನಮ್ಮವ್ವ ಅತ್ತಳು, ನಮ್ಮಪ್ಪ ಮಾರನೇ ದಿನದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಎರಡರ ಬದಲು ನಾಲ್ಕು ಹೊರಿಸಿದ. ಒಂದು ದಿನ ನಾನು ಆ ನಾಲ್ಕು ಹೊರೆ ಒಟ್ಟಿಗೆ ಎತ್ತಿ ತಲೆ ಮೇಲಿಟ್ಕೊಂಡು ರಸ್ತೇಲಿ ಬರ್ತಿದ್ದಾಗ ಬಸ್ಸಿಗೆ ಕಾಯ್ತಿದ್ದ ಚೌಡಪ್ಪ ನೋಡಿದ. ಟೂರಿಂಗ್ ಟಾಕೀಸಲ್ಲಿ ಟಿಕೆಟ್ ಹರೀತಿದ್ದೋನು, ಅದು ಮುಚ್ಚಿಹೋಗಿ ಟೆಂಟಿನ ಬಟ್ಟೆ ಮಾತ್ರ ಅವನ ಹತ್ರ ಉಳ್ಕೊಂಡಿತ್ತು. ಬಟ್ಟೆ ಇದೆಯಲ್ಲ, ಅದರೊಳಗೆ ಏನಾದ್ರೂ ತೋರಿಸಬೇಕಲ್ಲ ಅಂತ ಯೋಚನೆ ಮಾಡ್ತಿದ್ದ. "ಏನಮ್ಮಾ, ಕುಸ್ತಿ ಬರುತ್ತಾ?" ಅಂದ. "ಇಲ್ಲಣ್ಣ" ಅಂದೆ. "ಒಳ್ಳೇದಾಯ್ತು. ಬರೋರು ಬಂದ್ರೆ ನಾನು ಹೇಳಿದ್ದು ಕೇಳಲ್ಲ" ಅಂದ.

ರಬಿಯಾ ಮಾಲೂರಿನೋಳು. ಅವರಪ್ಪ ಹತ್ತಿ ಹಿಂಜಿ ಹಾಸಿಗೆ ಹೊಲೀತಿದ್ರು. ಆಯಪ್ಪನಿಗೆ ಉಬ್ಬಸ ಬಂದು ಕೂತ್ಕೊಂಡ ಮೇಲೆ ಇವಳೇ ಹತ್ತಿ ಬಡಿದು ಬಡಿದು, ಅವಳ ತೋಳು ನೋಡಬೇಕಿತ್ತು ನೀವು, ಹಲಸಿನ ಮರದ ಕೊಂಬೆ ಹಂಗಿತ್ತು. ಬಾಯಿ ಮಾತ್ರ ತೋಳಿಗಿಂತ ಜೋರು. ನನ್ನ ಮೊದಲನೇ ಸಲ ನೋಡಿದಾಗ ಮೇಲಿಂದ ಕೆಳಗೆ ನೋಡಿ, "ಅರೆ, ಇವಳನ್ನ ಎತ್ತಬೇಕಾ? ಚೌಡಪ್ಪಣ್ಣ, ಒಂದು ಜೊತೆ ಎತ್ತೂ ಕೊಡಿಸಿ" ಅಂದಳು. ನಾನು, "ನಿನ್ನ ಎತ್ತೋಕೆ ನನಗೆ ಒಂದು ಕೈ ಸಾಕು, ಇನ್ನೊಂದು ಕೈಯಲ್ಲಿ ಮುದ್ದೆ ತಿಂತೀನಿ" ಅಂದೆ. ಆವತ್ತೇ ಗೆಳೆತನ ಆಗೋಯ್ತು. ಚೌಡಪ್ಪ ಅವಳಿಗೆ ಬಾಂಬೆ ರಾಣಿ ಅಂತ ಹೆಸರಿಟ್ಟ. ಬಾಂಬೆ ಇರಲಿ, ಅವಳು ಬಂಗಾರಪೇಟೆ ದಾಟಿದೋಳಲ್ಲ. ನನಗೆ ಮೈಸೂರು ಮಲ್ಲಮ್ಮ ಅಂತಿಟ್ಟ. ನಾರಾಯಣಮ್ಮ ಅಂದ್ರೆ ಪೂಜೆ ಮಾಡೋಕೆ ಬಂದೋಳು ಅನ್ಕೊಂಡುಬಿಡ್ತಾರೆ ಅಂತ. ಮೈಸೂರನ್ನ ನಾನು ಇವತ್ತಿಗೂ ನೋಡಿಲ್ಲ, ನೀವಾದ್ರೂ ತೋರಿಸ್ತೀರೇನೋ ಅಂತಿದೀನಿ, ನೋಡೋಣ.

ಕಲಿಸೋಕೆ ಒಬ್ಬ ಮುದುಕ ವಸ್ತಾದಿ ಬಂದ್ರು. ಗರಡಿ ಮನೆಗೆ ಹೆಂಗಸರು ಕಾಲಿಡೋ ಹಂಗಿಲ್ಲ, ಆ ಮಣ್ಣು ಮೈಲಿಗೆ ಆಗುತ್ತಂತೆ. ಗಂಡಸರ ಬೆವರು, ಉಗುಳು, ಮೂಗಿನ ರಕ್ತ ಎಲ್ಲಾ ಬಿದ್ದರೂ ಮಡಿಯಾಗೇ ಇರೋ ಮಣ್ಣು ಅದು. ಅದಕ್ಕೆ ನಮ್ಮನ್ನ ಕೆರೆ ಅಂಗಳಕ್ಕೆ ಕರ್ಕೊಂಡು ಹೋದ್ರು. ನಮ್ಮ ಕಡೆ ಕೆರೆ ಅಂದ್ರೆ ನೀರು ಒಂದು ಬಿಟ್ಟು ಎಲ್ಲಾ ಇರುತ್ತೆ, ಮೆತ್ತಗೆ ಮರಳು ಇತ್ತು. ವಸ್ತಾದಿ ಮೊದಲ ಒಂದು ತಿಂಗಳು ಒಂದು ಪಟ್ಟೂ ಹೇಳಿಕೊಡಲಿಲ್ಲ. ಬರೀ ಬೀಳಿಸಿದ್ರು. "ಗದ್ದ ಎದೆಗೆ ಒತ್ತು, ಉಸಿರು ಬಿಡು, ಅಂಗೈ ನೆಲಕ್ಕೆ ಬಡಿ. ಸದ್ದು ಜೋರಾಗಿ ಬರಬೇಕು, ಏಟು ಬರಬಾರದು." ಬೆಳಗಾದ್ರೆ ಬೀಳು, ಸಂಜೆ ಆದ್ರೆ ಬೀಳು. ಆಮೇಲೆ ಇನ್ನೊಂದು ಕಲಿಸಿದ್ರು, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಯಾರ ಸರದಿ ಇದೆಯೋ ಅವಳು ಬೀಳೋಕೆ ತಯಾರಾದಾಗ ಕಿವಿ ಹತ್ರ 'ಹ್ಞೂ' ಅನ್ನಬೇಕು. ಆ ಹ್ಞೂ ಬಂದ ಮೇಲೇ ಇನ್ನೊಬ್ಬಳು ಎತ್ತಬೇಕು. "ಹ್ಞೂ ಕೇಳದೆ ಎತ್ತಿದೋಳು ಪೈಲ್ವಾನ್ ಅಲ್ಲ, ಕಟುಕಿ" ಅನ್ನೋರು ಮುದುಕಪ್ಪ. ಆರು ವರ್ಷದಲ್ಲಿ ನಾನು ರಬಿಯಾನ ಎಷ್ಟು ಸಲ ಎತ್ತಿ ಒಗೆದಿದ್ದೀನೋ, ಅವಳು ನನ್ನ ಎಷ್ಟು ಸಲ ಒಗೆದಿದ್ದಾಳೋ, ಒಂದು ಉಗುರೂ ಮುರಿದಿರಲಿಲ್ಲ.

ಇನ್ನು ಚೌಡಪ್ಪಂದು ಒಂದು ಕಾನೂನಿತ್ತು. ಏನು ಅಂದ್ರೆ, ಕುಸ್ತಿ ಇರೋ ಊರಿನ ಗಡಿ ಬಂತು ಅಂದ್ರೆ ನಾವಿಬ್ಬರೂ ವೈರಿಗಳು. ಒಂದೇ ಬಸ್ಸಲ್ಲಿ ಇಳಿಯೋ ಹಂಗಿಲ್ಲ, ಒಂದೇ ಹೋಟಲಲ್ಲಿ ಟೀ ಕುಡಿಯೋ ಹಂಗಿಲ್ಲ, ಮಾತಂತೂ ಇಲ್ಲವೇ ಇಲ್ಲ. "ಜನ ಬರೋದು ಕುಸ್ತಿಗಲ್ಲ, ಹಗೆ ನೋಡೋಕೆ" ಅನ್ನೋನು. ಅದಕ್ಕೆ ರಬಿಯಾ ಹಿಂದಿನ ದಿನವೇ ನಮ್ಮನೆಗೆ ಬರೋಳು, ನಾವು ಹುತ್ತೂರಿಂದ ಒಟ್ಟಿಗೆ ಹೊರಡೋದು, ನಮ್ಮವ್ವ ಕಟ್ಟಿಕೊಟ್ಟ ಬುತ್ತೀನ ಬಸ್ಸಲ್ಲಿ ಒಂದೇ ತಟ್ಟೇಲಿ ತಿನ್ನೋದು. ಮನೇಲಿ ನಮ್ಮವ್ವ ರಬಿಯಾಗೆ ಅಂತ ಬೇರೆ ತಟ್ಟೆ ಇಟ್ಟಿದ್ಲು, ತೊಳೆದು ಬೇರೆ ಗೂಡಲ್ಲಿ ಇಡ್ತಿದ್ಲು. ಬಸ್ಸಿಗೆ ಎರಡು ತಟ್ಟೆ ಭಾರ ಆಗುತ್ತೆ ಅಂತ ಸುಳ್ಳು ಹೇಳಿ ನಾನು ಒಂದೇ ತರ್ತಿದ್ದೆ. ತಿಂದು, ನಕ್ಕು, ಊರು ಎರಡು ಮೈಲಿ ಇದೆ ಅನ್ನೋವಾಗ ಒಬ್ಬಳು ಇಳಿಯೋದು. ಇಳಿದೋಳು ನಡ್ಕೊಂಡು ಬರೋದು. ಅಷ್ಟರಲ್ಲಿ ಊರೊಳಗೆ ಜಟಕಾ ಗಾಡಿಗೆ ಮೈಕು ಕಟ್ಟಿ ಕೂಗ್ತಿರೋರು, "ಜನ್ಮದ ವೈರಿಗಳು! ಒಬ್ಬರ ಮುಖ ಒಬ್ಬರು ನೋಡದವರು!" ನಡ್ಕೊಂಡು ಬರೋವಾಗ ನನಗೆ ಬಾಯಲ್ಲಿ ಇನ್ನೂ ಅವಳ ಮನೆ ಉಪ್ಪಿನಕಾಯಿ ರುಚಿ ಇರ್ತಿತ್ತು.

ಸುಖ ಅಂತ ಹೇಳಲ್ಲ ಮತ್ತೆ. ಚಡ್ಡಿ ಹಾಕೋ ಹೆಂಗಸು ಅಂತ ಊರಲ್ಲಿ ಮಾತಾಡೋರು. ನಿಮ್ಮ ತಾತ, ನನ್ನ ತಮ್ಮ, ಅವನಿಗೆ ಹೆಣ್ಣು ಕೇಳೋಕೆ ಹೋದಾಗ ಎರಡು ಮನೇಲಿ, "ಅಕ್ಕ ಏನ್ ಕೆಲಸ ಮಾಡ್ತಾಳೆ?" ಅಂತ ಕೇಳಿ ಎದ್ದು ಹೋದ್ರು. ಅವನು ಒಂದು ಮಾತು ಅನ್ನಲಿಲ್ಲ ನನಗೆ. ಅನ್ನಬೇಕಿತ್ತು, ಅಂದಿದ್ರೆ ಹಗುರ ಆಗ್ತಿತ್ತು. ರಬಿಯಾಗೂ ಮೂರು ಸಂಬಂಧ ಬಂದು ಮುರಿದ್ವು. ಆದರೆ ಅವಳು ದುಡಿದು ಇಬ್ಬರು ತಂಗೀರ ಮದುವೆ ಮಾಡಿದ್ಲು. ಅವರಪ್ಪನ ಔಷಧಿ ನಡೀತಿದ್ದಿದ್ದು ಅವಳ ತೋಳಿಂದ. ಆ ತೋಳು, ನೆನಪಿಟ್ಕೊಳ್ಳಿ, ಆ ಮನೆಗೆ ಅದೊಂದೇ ಆಧಾರ.

ಏನ್ ಹೇಳ್ತಿದ್ದೆ, ಹ್ಞಾಂ, ಆ ತಪ್ಪಿ ಆಡಿದ ಕುಸ್ತಿ, ಅದಕ್ಕೆ ಕಾರಣ ಒಂದು ಮಳೆ. ಮಾಲೂರಲ್ಲಿ ಒಂದು ಸಂಜೆ ಕುಸ್ತಿ. ಅವಳ ಊರು, ಜನ ತುಂಬಿದ್ರು. ಆವತ್ತು ಬೀಳೋ ಸರದಿ ಅವಳದು. ಸ್ವಂತ ಊರಲ್ಲೇ ಬೀಳಬೇಕು, ಆದರೂ ಮುಖ ಸಿಂಡರಿಸಲಿಲ್ಲ. ಇನ್ನೂ ಕೈ ಕೈ ಹಿಡಿದು ಸುತ್ತುತಾ ಇದ್ವಿ, ಹ್ಞೂ ಇನ್ನೂ ಬಂದಿರಲಿಲ್ಲ, ಗುಡುಗಿತು ನೋಡಿ. ಮಳೆ ಅಂದ್ರೆ ಮಳೆ, ಆಲಿಕಲ್ಲು ಸಮೇತ. ಟೆಂಟಿಗೆ ಮೇಲೆ ಹೊದಿಕೆ ಇರಲಿಲ್ಲ, ಸುತ್ತ ಮಾತ್ರ ಬಟ್ಟೆ. ಜನ ಎದ್ದು ಓಡಿದ್ರು. ನಾನೂ ಓಡಿದೆ. ಯಾಕೆ ಓಡಿದೆ ಅಂದ್ರೆ, ಪರದೆ ಹಿಂದೆ ಹಗ್ಗದ ಮೇಲೆ ನನ್ನ ಒಂದೇ ಒಂದು ಒಳ್ಳೇ ಸೀರೆ ಹಾಕಿದ್ದೆ, ಅದು ನೆನೆದು ಬಣ್ಣ ಬಿಡುತ್ತೆ ಅಂತ. ಸೀರೆ ಎತ್ಕೊಂಡು ಎದುರುಗಡೆ ಸ್ಕೂಲಿನ ಜಗಲಿಗೆ ಹೋಗಿ ನಿಂತೆ. ಮಳೆ ನಿಲ್ಲಲಿಲ್ಲ. ಅಲ್ಲಿಂದ್ಲೇ ಬಸ್ ಹತ್ತಿ ಬಂದುಬಿಟ್ಟೆ. ರಬಿಯಾ ಅವಳ ಊರಲ್ಲೇ ಅಲ್ಲವಾ, ಮನೆಗೆ ಹೋಗಿರ್ತಾಳೆ ಅನ್ಕೊಂಡೆ. ಕುಸ್ತಿ ಆಗಲಿಲ್ಲ, ಯಾರೂ ಬೀಳಲಿಲ್ಲ, ಸರದಿ ಹಂಗೇ ಉಳೀತು, ಮುಂದಿನ ಸಲವೂ ಅವಳೇ ಬೀಳಬೇಕು, ಅಂತ ನಾನು ಲೆಕ್ಕ ಹಾಕಿದೆ. ನೀವಾಗಿದ್ರೂ ಹಂಗೇ ಹಾಕ್ತಿದ್ರಿ ಅಲ್ಲವಾ? ಹೇಳಿ. ಹಂಗೇ ಹಾಕ್ತಿದ್ರಿ.

ಮುಂದಿನದು ಮುಳಬಾಗ್ಲಲ್ಲಿ, ಐದನೇ ದಿನಕ್ಕೆ. ರಬಿಯಾ ಹುತ್ತೂರಿಗೆ ಬರಲಿಲ್ಲ, ಮಾಲೂರಿಂದ ನೇರ ಬಂದಳು. ಹಂಗಾಗಿ ನಮಗೆ ಬಸ್ಸಿನ ಮಾತೂ ಇಲ್ಲ, ಬಸ್ಸಿನ ತಟ್ಟೆಯೂ ಇಲ್ಲ. ಕುರುಡುಮಲೆ ಗಣಪನಿಗೆ ಕೈ ಮುಗಿದು ನಾನು ಬಂದೆ. ಚೌಡಪ್ಪ ಓಡಾಡ್ತಿದ್ದ, ಬಿಳಿ ಷರಟು ಹಾಕಿದ್ದ. "ನಾರಾಯಣಮ್ಮ, ಬೆಂಗಳೂರಿಂದ ಒಬ್ಬರು ಬರ್ತಾರೆ, ದೊಡ್ಡ ಕಂಪನಿ, ಮದ್ರಾಸು ಹೈದ್ರಾಬಾದು ಎಲ್ಲಾ ಸುತ್ತುತ್ತೆ. ಒಬ್ಬಳು ಬೇಕಂತೆ ಅವರಿಗೆ. ಚೆನ್ನಾಗಿ ಮಾಡಿ" ಅಂದ. ಇದೇ ಮಾತನ್ನ ಅವಳಿಗೂ ಹೇಳಿದ್ದನಂತೆ. ಒಬ್ಬಳು ಬೇಕಂತೆ. ನೋಡಿ, ಆ ಒಂದು ಮಾತು ಆಡದೇ ಇದ್ದಿದ್ರೆ.

ಕುಸ್ತಿ ಶುರುವಾಯ್ತು. ಹಿಡ್ಕೊಂಡ್ವಿ, ಸುತ್ತಿದ್ವಿ, ತೊಡೆ ತಟ್ಟಿದ್ವಿ, ಜನ ಕೇಕೆ ಹಾಕಿದ್ರು. ಆಮೇಲೆ ಕತ್ತು ಕತ್ತು ಸೇರಿಸಿ ನಿಂತ್ವಿ. ನಾನು ಅವಳ ಹ್ಞೂಗೆ ಕಾಯ್ತಿದ್ದೀನಿ. ಅವಳು ಸುಮ್ನಿದ್ದಾಳೆ. ಯಾಕಿಷ್ಟು ಹೊತ್ತು ಅಂದ್ಕೊಂಡೆ. ಅವಳು ನನ್ನ ಹ್ಞೂಗೆ ಕಾಯ್ತಿದ್ದಾಳೆ ಅಂತ ನನಗೇನು ಗೊತ್ತು? ಇಬ್ಬರೂ ಎಮ್ಮೆಗಳ ಹಂಗೆ ಹಣೆ ಒತ್ಕೊಂಡು ನಿಂತೇ ಇದ್ದೀವಿ. ಕೊನೆಗೆ ಅವಳು ಹಲ್ಲು ಕಚ್ಚಿಕೊಂಡು, "ಪಡವೇ" ಅಂದಳು, ತೆಲುಗಲ್ಲಿ, ಬೀಳೇ ಅಂತ. ಮುಳಬಾಗ್ಲಲ್ಲಿ ನಾಯಿಗೂ ತೆಲುಗು ಬರುತ್ತೆ, ಜನಕ್ಕೆ ಕೇಳಿಸಿದ್ರೆ ಗುಟ್ಟು ರಟ್ಟಾಗುತ್ತೆ, ಇವಳೇನು ಹಿಂಗೆ ಅಂತ ಗಾಬರಿ ಆಯ್ತು.

"ನೀನು ಬೀಳೇ, ಸರದಿ ನಿಂದು" ಅಂದೆ.

"ನಂದಲ್ಲ. ನಿಂದು."

"ಮಾಲೂರಲ್ಲಿ ಆಗ್ಲೇ ಇಲ್ಲವಲ್ಲೇ!"

"ಆಯ್ತು."

"ಆಗಲಿಲ್ಲ!"

"ಸುಳ್ಳಿ. ಬೆಂಗಳೂರೋರು ಬಂದವ್ರೆ ಅಂತ ಹಿಂಗೆ ಮಾಡ್ತೀಯಾ?" ಅಂದಳು.

ಅವಳು ಬೇರೆ ಏನು ಅಂದಿದ್ರೂ ತಡ್ಕೋತಿದ್ದೆ. ಅವಳು ಹಂಗಂದಿದ್ದಕ್ಕೆ ನನಗೆ ಅನ್ಸಿದ್ದು ಏನು ಗೊತ್ತಾ, ಓಹೋ, ಬೆಂಗಳೂರಿನೋರನ್ನ ನೋಡಿ ಮನಸ್ಸು ಕೆಟ್ಟಿರೋದು ಇವಳದು ಅಂತ. ಆವತ್ತಿಂದ ನಿಜವಾದ ಕುಸ್ತಿ, ಅಲ್ಲ, ಆ ಕ್ಷಣದಿಂದ. ಅವಳು ನನ್ನ ಕೈ ತಿರುವಿದಳು, ನಾನು ಸೊಂಟ ಹಿಡಿದೆ. ನಿಜವಾದ ಕುಸ್ತಿ ನೋಡೋಕೆ ಏನೂ ಚೆನ್ನಾಗಿರಲ್ಲ ಮಕ್ಕಳಾ, ಹಾರಾಟ ಇಲ್ಲ, ತೊಡೆ ತಟ್ಟೋದಿಲ್ಲ, ಇಬ್ಬರು ಹೆಂಗಸರು ಅಲ್ಲಾಡದೆ ಉಸಿರು ಬಿಡ್ತಾ ನಡುಗ್ತಾ ನಿಂತಿರ್ತಾರೆ. ಜನ ಗಲಾಟೆ ಶುರು ಮಾಡಿದ್ರು. "ಏ, ನಿದ್ದೆ ಮಾಡ್ತಾವ್ರೆ ಕಣ್ರೋ!" "ನಾಟಕ ಬಿಡ್ರಮ್ಮೋ, ಕುಸ್ತಿ ಆಡಿ!" ಮುಂದಿನ ಸಾಲಲ್ಲಿದ್ದ ಬೆಂಗಳೂರಿನೋರು ಒಂದು ಸಲ ಆಕಳಿಸಿ, ಗಡಿಯಾರ ನೋಡ್ಕೊಂಡು, ಎದ್ದು ಹೋದ್ರು. ಅದನ್ನ ನಾನು ಅವಳ ಭುಜದ ಮೇಲಿಂದ ನೋಡಿದೆ. ಅವಳ ಬೆನ್ನು ಆ ಕಡೆಗಿತ್ತು, ಅವಳು ನೋಡಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಿಡೇ ರಬೀ, ಅವನು ಹೋದ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹ್ಞೂ ಕೇಳದೆ ಎತ್ತಿದೆ.

ಅವಳು ಬೀಳೋಕೆ ತಯಾರಿರಲಿಲ್ಲ. ಗದ್ದ ಒತ್ತಿರಲಿಲ್ಲ, ಕೈ ಬಿಚ್ಚಿರಲಿಲ್ಲ, ನನ್ನ ಹಿಡಿದೇ ಇದ್ದಳು. ಬಲಗಡೆ ಭುಜದ ಮೇಲೆ ಬಿದ್ದಳು, ಅವಳ ಮೇಲೆ ನಾನು ಬಿದ್ದೆ, ಮೂರು ಮುದ್ದೆ ಉಣ್ಣೋಳು. ಸದ್ದು ಸಣ್ಣಗೆ ಬಂತು, ಒಣ ಕಡ್ಡಿ ಮುರಿದ ಹಂಗೆ. ಅವಳು ಕೂಗಿಕೊಂಡಳು ನೋಡಿ, ಆಗ ಜನ ಚಪ್ಪಾಳೆ ಹೊಡೆದ್ರು. "ಏನ್ ಆ್ಯಕ್ಟಿಂಗ್ ಮಾಡ್ತಾಳಪ್ಪಾ!" ಅಂತ ಒಬ್ಬ ಅಂದ. ನನಗೆ ಚೌಡಪ್ಪನೂ ಬೇಡ, ಅವನ ಕಾನೂನೂ ಬೇಡ ಅನ್ಸಿ, ಅವಳ ತಲೆ ತೊಡೆ ಮೇಲಿಟ್ಕೊಂಡು, "ರಬೀ, ರಬೀ, ಏಳೇ, ನನ್ನ ಚಿನ್ನ, ಏಳೇ" ಅಂತ ಅತ್ತುಬಿಟ್ಟೆ. ಆಗ ಆ ಜನಕ್ಕೆ ಬಂತು ಕೋಪ. "ಇವರಿಬ್ಬರೂ ಗೆಳತೀರು ಕಣ್ರೋ! ಮೋಸ! ಎಲ್ಲಾ ಸುಳ್ಳು!" ಅಂತ ಕಲ್ಲು ತೂರಿದ್ರು, ಟೆಂಟಿನ ಬಟ್ಟೆ ಹರಿದ್ರು. ಆರು ವರ್ಷ ಸುಳ್ಳು ಕುಸ್ತಿ ಆಡಿದಾಗ ಒಬ್ಬನೂ ಒಂದು ಮಾತು ಅಂದೋನಲ್ಲ. ರಬಿಯಾ ನನ್ನ ತೊಡೆ ಮೇಲೇ ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಮೂಳೆ ಕಟ್ಟೋರ ಹತ್ರ ಮೂರು ಸಲ ಕಟ್ಟಿಸಿದ್ರು, ಆಸ್ಪತ್ರೇಲೂ ತೋರಿಸಿದ್ರು. ಕೈ ಕೂಡಿತು, ಆದರೆ ಕಿವಿಗಿಂತ ಮೇಲಕ್ಕೆ ಏಳಲಿಲ್ಲ. ಹಗ್ಗದ ಮೇಲೆ ಬಟ್ಟೆ ಹಾಕೋಕೂ ಆಗ್ತಿರಲಿಲ್ಲ, ಇನ್ನು ಹತ್ತಿ ಬಡಿಯೋದು ಎಲ್ಲಿಂದ ಬಂತು. ಎರಡು ತಿಂಗಳಾದ ಮೇಲೆ ನಾನು ಮಾಲೂರಿಗೆ ಹೋದೆ. ಹೊಸಿಲಲ್ಲಿ ಅವರಮ್ಮ ಕೂತಿದ್ರು, ನನ್ನ ನೋಡಿ ಎದ್ದೇಳಲಿಲ್ಲ, ಬಾ ಅನ್ನಲಿಲ್ಲ. "ಯಾಕ್ ಬಂದೆ ಬೇಟಿ? ಗೆದ್ದೆ ಅಲ್ಲ, ಹೋಗು" ಅಂದ್ರು. "ಅಮ್ಮೀ, ನಾನು ಮೋಸ ಮಾಡಲಿಲ್ಲ. ಮಾಲೂರಲ್ಲಿ ಮಳೆ ಬಂತು, ಅವಳು ಬೀಳಲಿಲ್ಲ, ಅದಕ್ಕೆ ಸರದಿ ಅವಳದೇ ಅನ್ಕೊಂಡೆ" ಅಂದೆ. ಒಳಗಿಂದ ಅವಳ ದನಿ ಬಂತು. ಪರದೆ ಎತ್ತಲಿಲ್ಲ, ದನಿ ಮಾತ್ರ.

"ಬಿದ್ದೆ."

"ಯಾವಾಗ್ಲೇ?"

"ಮಳೆ ಬಂದಾಗ. ಎಲ್ಲಾ ಓಡಿದ್ರು. ನೀನೂ ಓಡ್ದೆ. ಸರದಿ ನಂದಿತ್ತು. ನಾನು ಬಿದ್ದೆ. ಬೆನ್ನು ಮಣ್ಣಿಗೆ ಹಾಕಿ ಮಲ್ಕೊಂಡೆ. ಆಲಿಕಲ್ಲು ಮುಖಕ್ಕೆ ಹೊಡೀತಿತ್ತು. ನೀನು ಬಂದು ಎಬ್ಬಿಸ್ತೀಯ ಅಂತ ಮಲ್ಕೊಂಡಿದ್ದೆ."

"ನಾನು ನೋಡಲಿಲ್ಲ ಕಣೇ" ಅಂದೆ.

"ನೀನು ನೋಡಲಿಲ್ಲ ಅಂದ್ರೆ ನಾನು ಬಿದ್ದಿಲ್ವಾ?"

ಅಷ್ಟೇ. ಅವರಮ್ಮ ಬಾಗಿಲು ಹಾಕಿದ್ರು. ಜೋರಾಗೇನೂ ಹಾಕಲಿಲ್ಲ, ಮೆಲ್ಲಗೆ ಹಾಕಿದ್ರು. ನಾನು ಬೀದೀಲಿ ನಿಂತು ಯೋಚನೆ ಮಾಡ್ತೀನಿ, ನೋಡೋರು ಯಾರೂ ಇಲ್ಲ, ಟೆಂಟು ಖಾಲಿ, ಆಕಾಶ ಹರಿದು ಬೀಳ್ತಾ ಇದೆ, ಅಂಥದರಲ್ಲಿ ಒಬ್ಬಳು ಅವಳ ಸರದಿ ಅಂತ ಹೋಗಿ ಕೆಸರಲ್ಲಿ ಬೆನ್ನು ಕೊಟ್ಟು ಮಲಗಿದ್ದಾಳೆ. ನಾನು ಎಲ್ಲಿದ್ದೆ? ಸ್ಕೂಲ್ ಜಗಲೀಲಿ, ಸೀರೆ ಹಿಂಡ್ತಾ.

ಚೌಡಪ್ಪ ಬೇರೆ ಟೆಂಟು ಹೊಲಿಸಿ ಆಂಧ್ರದ ಕಡೆಯೋಳೊಬ್ಬಳನ್ನ ಕರ್ಕೊಂಡು ಬಂದ. ಇನ್ನೆರಡು ವರ್ಷ ಆಡಿದೆ, ಹೊಟ್ಟೆ ಇತ್ತಲ್ಲ. ಪ್ರತಿ ಊರಲ್ಲೂ ನಾನೇ ಬಿದ್ದೆ. "ಹಿಂಗೆ ಎಲ್ಲಾ ಕಡೆ ನೀನೇ ಬಿದ್ದರೆ ಜನ ಬರಲ್ಲ ಕಣಮ್ಮಾ, ಒಂದೆರಡು ಗೆಲ್ಲು" ಅಂತ ಬೇಡ್ಕೊಂಡ. ಕೈ ಮೇಲಕ್ಕೆ ಬರ್ತಿರಲಿಲ್ಲ ನನಗೆ, ಯಾರನ್ನೂ ಎತ್ತೋಕೆ. ಆಮೇಲೆ ಟೀವಿ ಬಂತು, ವಿಡಿಯೋ ಬಂತು, ನಮ್ಮನ್ನ ಯಾರೂ ನಿಲ್ಲಿಸಲಿಲ್ಲ, ನಾವೇ ನಿಂತುಹೋದ್ವಿ. ದುಡಿದಿದ್ದರಲ್ಲಿ ಮಾಲೂರಿಗೆ ಕಳಿಸಿದ್ದು ಎಲ್ಲಾ ವಾಪಸ್ ಬಂತು.

ಅವಳನ್ನ ಇನ್ನೊಂದು ಸಲ ನೋಡಿದೆ, ನಿಮ್ಮಪ್ಪ ಸ್ಕೂಲಿಗೆ ಸೇರಿದ ವರ್ಷ. ಕೋಲಾರದ ಬಸ್ ಸ್ಟ್ಯಾಂಡಲ್ಲಿ. ಮಟಮಟ ಮಧ್ಯಾಹ್ನ, ನಾನು ಟೊಮೇಟೊ ಮಾರ್ಕೆಟಿಂದ ಬರ್ತಿದ್ದೆ. ಬುರ್ಖಾ ಹಾಕಿ ಒಬ್ಬರು ಎಡಗೈಯಲ್ಲಿ ಚೀಲ ಹಿಡಿದು ನಿಂತಿದ್ರು. ನಿಂತಿರೋ ರೀತೀಲೇ ಗೊತ್ತಾಯ್ತು, ಬಲಗಡೆ ಭುಜ ಒಂದು ಬೆರಳು ತಗ್ಗು. ಬೀಡಿ ಸುತ್ತೋ ಎಲೆ ಇತ್ತು ಚೀಲದಲ್ಲಿ. ಪಕ್ಕದಲ್ಲಿ ಹೋಗಿ ನಿಂತೆ. ಅವಳು ನೋಡಿದಳು, ಮುಖ ತಿರುಗಿಸಲಿಲ್ಲ. ಬಸ್ಸು ಬಂತು. ಹತ್ತೋಕೆ ಮುಂಚೆ ಕೇಳಿದಳು.

"ಆವತ್ತು ನಿಜವಾಗ್ಲೂ ನೋಡಲಿಲ್ಲವಾ?"

"ಇಲ್ಲ ರಬೀ. ನಿನ್ನಾಣೆ ಇಲ್ಲ."

ಒಂದು ಸಲ ತಲೆ ಆಡಿಸಿದಳು. ನಂಬಿದಳು ಅಂತ ನನಗೆ ಗೊತ್ತಾಯ್ತು. ನಂಬಿದಳಲ್ಲ ಅಂತ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಚೀಲ ಎತ್ತಿಕೊಡೋಕೆ ಅಂತ ಕೈ ಚಾಚಿದೆ. ಅವಳು ಚೀಲ ಕೊಡಲಿಲ್ಲ. ಎಡಗೈಯಲ್ಲೇ ಕಂಬಿ ಹಿಡಿದು, ಆ ಚೀಲಾನೂ ಅದೇ ಕೈಗೆ ಸಿಕ್ಕಿಸಿಕೊಂಡು ಹತ್ತಿದಳು. ಮೆಟ್ಟಿಲ ಮೇಲೆ ನಿಂತು, "ನೋಡಬೇಕಾಗಿತ್ತು" ಅಂದಳು. ಬಸ್ಸು ಹೊರಟೋಯ್ತು.

ಅದಕ್ಕೇ ಹೇಳೋದು, ಜೊತೇಲಿ ಬಂದೋರನ್ನ ಬಿಟ್ಟು ಓಡೋಕೆ ಮುಂಚೆ ಹಿಂದೆ ತಿರುಗಿ ಒಂದು ಸಲ ನೋಡ್ರಪ್ಪಾ, ಸೀರೆ ಬಣ್ಣ ಹೋದರೆ ಹೋಗಲಿ. ಏಳಿ, ಕೈ ತೊಳೀರಿ.